ಪಕ್ಕದ ಕಟ್ಟೆಯ ನೀರು

ಹಳೇಖಣಿ, ಮೂರನೆಯ ಮಜಲು
ಮೇ ತಿಂಗಳ ನಲವತ್ತೊಂದನೆಯ ದಿನ, ಇಸವಿ ಎರಡು ಸಾವಿರದ ಇನ್ನೂರ ಹನ್ನೆರಡು

ಅದೇ ಮತ್ತೆ, ನಿನ್ನೆ ಹೇಳುತ್ತ ಹೇಳುತ್ತ ನಿಲ್ಲಿಸಿದೆನಲ್ಲ, ಅವಳು ನೀರು ಕುಡಿಯುತ್ತಿದ್ದದ್ದು ಲಾಡ್ಲೆಸಾಬನ ಕಟ್ಟೆಯ ಮೇಲೆ. ಉಣ್ಣುವುದು ನನ್ನ ಬಾಗಿಲಲ್ಲಿ, ಮೈ ತಿಕ್ಕುವುದು ನನ್ನ ಧೋತರಕ್ಕೆ, ಸಂಜೆ ಕಾಲು ಚಾಚಿ ಮಲಗುವುದು ನನ್ನ ಹೊಸ್ತಿಲ ಮೇಲೆ; ನೀರಿಗೆ ಮಾತ್ರ ಪಕ್ಕದ ಮನೆ. ಅವಳು ಎಂದರೆ ಚಿಗಳಿ, ನಮ್ಮ ಬೆಕ್ಕು. ನಿನ್ನೆಯ ಕಾಗದ ನಿಮಗೆ ಮುಟ್ಟಿತೋ ಇಲ್ಲವೋ ತಿಳಿಯದು. ಮುಟ್ಟಿದ್ದರೂ ಮೊದಲಿನಿಂದ ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೆಂಡತಿ ತೀರಿಕೊಂಡ ಮೇಲೆ ನನ್ನ ಮಾತಿಗೆ ಅಡ್ಡ ಹಾಕುವವರು ಯಾರೂ ಇಲ್ಲದೆ ಅದು ಹೀಗೆ ಎಲ್ಲೆಲ್ಲೋ ಹರಿದುಹೋಗುತ್ತದೆ.

ತಾರೀಖು ನೋಡಿ ನೀವು ನಕ್ಕಿರಬಹುದು. ನಿಮ್ಮ ಮೇ ತಿಂಗಳು ಮೂವತ್ತೊಂದಕ್ಕೆ ಮುಗಿಯುತ್ತಿತ್ತು ಎಂದು ಓದಿದ್ದೇನೆ. ನಮ್ಮದು ಮೊದಲ ಮಳೆ ಬೀಳುವವರೆಗೆ ಮುಗಿಯುವುದಿಲ್ಲ. ಬಿಸಿಲು ಕಡಿಮೆಯಾಗದೆ ಜೂನ್ ಎಂದು ಹೇಗೆ ಬರೆಯುವುದು ಎಂದು ನಮ್ಮ ಮುತ್ತಜ್ಜಂದಿರು ಹಟ ಹಿಡಿದರಂತೆ. ಆ ಹಟವೇ ರೂಢಿಯಾಯಿತು. ಹೋದ ವರ್ಷ ಮೇ ಐವತ್ತೆರಡು ದಿನ ಇತ್ತು. ನನ್ನ ಮಾತುಗಳೂ ನಿಮಗೆ ಹೀಗೆಯೇ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ಇಂಗ್ಲಿಷಿನಲ್ಲಿ ಬರೆದಿದ್ದರೆ ನಿಮಗೆ ಸುಲಭವಾಗುತ್ತಿತ್ತೋ ಏನೋ. ನಮ್ಮ ಕಾಲೇಜಿನಲ್ಲಿ ಇಂಗ್ಲಿಷನ್ನು ಹಳೆಯ ಭಾಷೆಯೆಂದು ಎರಡು ವರ್ಷ ಕಲಿಸುತ್ತಿದ್ದರು, ನಿಮ್ಮಲ್ಲಿ ಸಂಸ್ಕೃತ ಕಲಿಸುತ್ತಿದ್ದ ಹಾಗೆ, ಅರ್ಥಕ್ಕಿಂತ ಬಾಯಿಪಾಠವೇ ಹೆಚ್ಚು. ಪತ್ರ ಬರೆಯುವಾಗ ‘ಐ ಬೆಗ್ ಟು ಸ್ಟೇಟ್ ದಟ್’ ಎಂದು ಶುರು ಮಾಡಬೇಕು ಎಂಬುದು ಇನ್ನೂ ನೆನಪಿದೆ. ಅದರ ಮುಂದೆ ಏನು ಬರುತ್ತದೆ ಎಂಬುದು ಮರೆತುಹೋಗಿದೆ.

ಈ ಬಗೆಯ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಮನೆಯಲ್ಲಿ ಜೋಡಿಯೊಂದು ಮುರಿದರೆ, ಉಳಿದವರು ಅದೇ ಜಾಗದಲ್ಲಿ ಹಿಂದೆ ಬದುಕಿದ್ದವರಿಗೆ ಬರೆಯಬೇಕು. ಸತ್ತವರಿಗೆ ಬರೆದರೆ ಅಳು ಬರುತ್ತದೆ, ಬದುಕಿರುವವರಿಗೆ ಹೇಳಿದರೆ ನಾಳೆ ಊರೆಲ್ಲ ಗೊತ್ತಾಗುತ್ತದೆ. ನಿಮಗಾದರೆ ಎರಡರ ಭಯವೂ ಇಲ್ಲ. ಬರೆದದ್ದನ್ನು ವಾಚನಾಲಯದ ಗೋಡೆಯ ಬಿರುಕಿನಲ್ಲಿ ತೂರಿಸಿ ಬರುತ್ತೇವೆ. ಇಷ್ಟೆಲ್ಲ ಹೇಳಿ, ನೀವಿದ್ದಾಗ ಇಲ್ಲಿ ಊರೇ ಇರಲಿಲ್ಲ ಎಂದರೆ ಹೇಗೆ? ಆಗ ಇಲ್ಲಿ ಕಲ್ಲು ತೆಗೆಯುತ್ತಿದ್ದರು. ಶಹಾಬಾದ್ ಕಲ್ಲು, ನಯವಾದ ಬೂದು ಬಣ್ಣದ್ದು, ನೀವು ಅಡುಗೆಮನೆಗೂ ಪಡಸಾಲೆಗೂ ಹಾಸಿಕೊಂಡಿದ್ದು. ನಿಮ್ಮ ಕಾಲ ಕೆಳಗಿನ ನೆಲ ಯಾವ ಗುಂಡಿಯಿಂದ ಎದ್ದು ಬಂತೋ ಆ ಗುಂಡಿಯಲ್ಲಿ ನಾವು ಸಂಸಾರ ಮಾಡುತ್ತಿದ್ದೇವೆ. ಮೇಲೆ ಬಯಲಿನಲ್ಲಿ ಇರಲಿಕ್ಕಾಗದೆ ಹೋದಾಗ ಜನ ಖಣಿಗೆ ಇಳಿದರು. ಕಲ್ಲು ಕೊರೆದ ಮೆಟ್ಟಿಲುಗಳೇ ನಮ್ಮ ಓಣಿಗಳು, ಒಂದೊಂದಕ್ಕೆ ಒಂದೊಂದು ಮಜಲು ಎಂದು ಹೆಸರು. ಬಂಡೆಯನ್ನು ತೋಡಿ ಮನೆ. ಮನೆಯ ಮುಂದೆ ಒಂದು ಕಲ್ಲುಕಟ್ಟೆ.

ಮುಂಜಾನೆ ಹತ್ತಕ್ಕೆ ಕಹಳೆ ಊದುತ್ತಾರೆ. ಆಗ ಇಡೀ ಖಣಿಯ ಬಾಯಿಗೆ ಅಡ್ಡಲಾಗಿ ಬಟ್ಟೆ ಎಳೆಯುತ್ತಾರೆ. ಅದಕ್ಕೆ ಸೆರಗು ಎನ್ನುತ್ತೇವೆ. ಸೆರಗು ಹೊದಿಸಿದ ಮೇಲೆ ಸಂಜೆ ಐದರ ಕಹಳೆಯವರೆಗೆ ಒಳಹೊತ್ತು. ಯಾರೂ ಬಾಗಿಲು ತೆರೆಯುವಂತಿಲ್ಲ, ಒಂದು ಬಾಗಿಲು ತೆರೆದರೆ ಸಾಲಿನ ಅಷ್ಟೂ ಮನೆಗಳ ತಂಪು ಹೊರಗೆ ಓಡುತ್ತದೆ. ಆ ಸೆರಗಿನ ಹಗ್ಗ ಎಳೆಯುವ ಕೆಲಸವನ್ನು ನಾನು ಮೂವತ್ತೊಂದು ವರ್ಷ ಮಾಡಿದೆ. ಹರಿದ ಸೆರಗನ್ನು ಹೊಲಿಯುವ ಕೆಲಸ ಲಾಡ್ಲೆಸಾಬನದು. ಎಲ್ಲಾದರೂ ಹರಿದರೆ, ಹಗ್ಗ ಜಗ್ಗಿದ್ದು ಜಾಸ್ತಿಯಾಯಿತು ಎಂದು ಅವನು. ಹೊಲಿಗೆ ಸಡಿಲ ಎಂದು ನಾನು. ಮೂವತ್ತೊಂದು ವರ್ಷ ಇದೇ ಜಗಳ. ಈಗ ಇಬ್ಬರೂ ಕೆಲಸ ಬಿಟ್ಟಿದ್ದೇವೆ, ಅಕ್ಕಪಕ್ಕದ ಕಟ್ಟೆಗಳ ಮೇಲೆ ಕೂರುತ್ತೇವೆ. ಸೆರಗು ಇನ್ನೂ ಹರಿಯುತ್ತದೆ. ಈಗಿನವರ ತಪ್ಪು ಎಂದು ಇಬ್ಬರೂ ಒಪ್ಪಿಕೊಂಡಿದ್ದೇವೆ, ಅದೊಂದೇ ವಿಷಯದಲ್ಲಿ.

ಬೆಕ್ಕುಗಳು ನಮ್ಮಲ್ಲಿ ಹೊರಗೇ ಇರಬೇಕು. ಇಲಿಗಳಿಗೆ ಸೆರಗಿನ ಹಗ್ಗವೆಂದರೆ ಪ್ರಾಣ, ಅದಕ್ಕೆ ಹಚ್ಚುವ ಎಣ್ಣೆಯ ವಾಸನೆಗೆ ಕಡಿಯುತ್ತವೆ. ಒಳಗಿನ ತಂಪು ರುಚಿಸಿದ ಬೆಕ್ಕು ಮತ್ತೆ ಇಲಿಯ ಬೆನ್ನು ಹತ್ತುವುದಿಲ್ಲ. ಹಾಗಾಗಿ ಎಷ್ಟೇ ಮುದ್ದಿನದಾದರೂ ಹೊಸ್ತಿಲ ಆಚೆಗೇ ಅನ್ನ, ಆಚೆಗೇ ನಿದ್ರೆ. ಗೋಡೆಯಲ್ಲಿ ಅವಕ್ಕೆಂದೇ ಗೂಡು ಕೊರೆದಿರುತ್ತೇವೆ. ಸೆರಗಿನ ನೆರಳಿನಲ್ಲೂ ಕಲ್ಲು ಕಾಯುತ್ತದೆ, ಏಳು ತಾಸು ಅವು ಆ ಗೂಡುಗಳಲ್ಲಿ ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತವೆ. ಅವುಗಳ ಜೀವ ನಿಂತಿರುವುದು ಯಾರೋ ಒಬ್ಬರು ಮರೆಯದೆ ಇಟ್ಟ ಒಂದು ಬಟ್ಟಲು ನೀರಿನ ಮೇಲೆ.

ಇದನ್ನು ಬರೆಯುವಾಗ ನಿಮ್ಮ ಮೇಲೆ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದಿಲ್ಲ. ವಾಚನಾಲಯದಲ್ಲಿ ನಿಮ್ಮ ಕಾಲದ ಚಿತ್ರಗಳಿವೆ. ಒಂದರಲ್ಲಿ ನಡುಮಧ್ಯಾಹ್ನ ಒಂದು ಬೆಕ್ಕು ನಿಂತ ಗಾಡಿಯ ಕೆಳಗೆ ಹೊಟ್ಟೆ ಮೇಲೆ ಮಾಡಿ ಮಲಗಿದೆ, ನಡುಮಧ್ಯಾಹ್ನ! ಇನ್ನೊಂದರಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲ ಮುಂದೆ ಕೊಡದಿಂದ ನೀರು ಚೆಲ್ಲುತ್ತಿದ್ದಾಳೆ. ಕೆಳಗೆ ವಿವರಣೆ ಇತ್ತು. ದಿನಾ ಬೆಳಿಗ್ಗೆ ನೀರನ್ನು ನೆಲಕ್ಕೆ ಚೆಲ್ಲಿ, ಅದರ ಮೇಲೆ ಹಿಟ್ಟಿನಿಂದ ಚಿತ್ರ ಬರೆದು, ಹಾಗೆಯೇ ಒಣಗಲು ಬಿಡುತ್ತಿದ್ದರಂತೆ. ನಾನು ಆ ಸಾಲನ್ನು ಮೂರು ಸಲ ಓದಿದೆ. ಬಚ್ಚಲ ಮೋರಿ, ತೊಟ್ಟಿಕ್ಕುವ ನಲ್ಲಿ, ಗಿಡದ ಬುಡ, ಎಲ್ಲೆಂದರಲ್ಲಿ ನಿಮ್ಮ ಬೆಕ್ಕುಗಳಿಗೆ ಒಂದು ಗುಟುಕು ಸಿಗುತ್ತಿತ್ತು. ಯಾರ ಮುಲಾಜೂ ಇರಲಿಲ್ಲ ಅವಕ್ಕೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟರು ಎನ್ವಿ ಬೇರೆ, ಜೆಲಸಿ ಬೇರೆ ಎಂದು ಹೇಳಿಕೊಟ್ಟಿದ್ದರು. ಒಂದು, ಮತ್ತೊಬ್ಬರಲ್ಲಿ ಇರುವುದು ನಮ್ಮಲ್ಲಿ ಇಲ್ಲವಲ್ಲ ಎಂಬ ಸಂಕಟ. ಇನ್ನೊಂದು, ನಮ್ಮದೇ ಆದದ್ದು ಕೈಬಿಟ್ಟು ಹೋಗುತ್ತದೆ ಎಂಬ ಭಯ. ಯಾವುದಕ್ಕೆ ಯಾವ ಹೆಸರು ಎಂಬುದು ಈಗ ತಲೆಕೆಳಗಾಗಿದೆ. ಒಂದನ್ನು ನಿಮಗೆ ಕೊಟ್ಟಿದ್ದೇನೆ, ಇನ್ನೊಂದು ಪೂರ್ತಿ ಲಾಡ್ಲೆಸಾಬನಿಗೆ.

ಚಿಗಳಿ ನನ್ನ ಹೆಂಡತಿ ಜಗದೇವಿಯ ಬೆಕ್ಕು. ನಾಲ್ಕು ವರ್ಷದ ಹಿಂದೆ ಮರಿಯಾಗಿ ಎಲ್ಲಿಂದಲೋ ಬಂತು. ಹುಣಸೆಹಣ್ಣು ಬೆಲ್ಲ ಕುಟ್ಟಿ ಮಾಡುವ ಚಿಗಳಿಯ ಬಣ್ಣ ಅದಕ್ಕೆ, ಅವಳೇ ಹೆಸರಿಟ್ಟಳು. ನಾನು ಆಗ ಅದನ್ನು ತಿರುಗಿಯೂ ನೋಡಿದವನಲ್ಲ. ಫೆಬ್ರುವರಿಯಲ್ಲಿ ಜಗದೇವಿ ಹನ್ನೊಂದು ದಿನದ ಜ್ವರದಲ್ಲಿ ಹೋದಳು. ಹನ್ನೆರಡನೆಯ ದಿನ ಬಾಗಿಲು ತೆರೆದಾಗ ಕಟ್ಟೆಯ ಮೇಲೆ ಬೆಕ್ಕು ಕೂತು ನನ್ನ ಬೆನ್ನ ಹಿಂದೆ ನೋಡುತ್ತಿತ್ತು, ಅವಳು ಬರುತ್ತಾಳೆಂದು. ಆವತ್ತಿನಿಂದ ಅದು ನನ್ನದು. ಅಂದರೆ, ಅದು ನನ್ನದು ಎಂದು ನಾನು ತಿಳಿದುಕೊಂಡೆ.

ಮಾಡುವುದನ್ನು ಸರಿಯಾಗಿ ಮಾಡಬೇಕೆಂಬ ಸ್ವಭಾವ ನನ್ನದು. ಸಣ್ಣ ತಾಟಿನಲ್ಲಿ ಹುಳಹಿಟ್ಟಿನ ಉಂಡೆ, ಅಂದರೆ ಹುಳುಗಳನ್ನು ಹುರಿದು ಬೀಸಿದ ಒಣ ಆಹಾರ, ನಮ್ಮಲ್ಲಿ ಬೆಕ್ಕಿಗೂ ಅದೇ, ಬಡವರಿಗೂ ಅದೇ. ತಾಟಿನ ಬಲಮಗ್ಗುಲಿಗೆ ಜಗದೇವಿಯದೇ ಹಿತ್ತಾಳೆಯ ತಂಬಿಗೆ, ಕುತ್ತಿಗೆಯವರೆಗೆ ನೀರು. ಈ ತಾಟು ತಂಬಿಗೆಯ ವಿಷಯವನ್ನು ನಿಮಗೆ ಬಿಡಿಸಿ ಹೇಳಬೇಕು. ನಿಮ್ಮ ಕಾಲದಲ್ಲೂ ಈ ಸೀಮೆಯಲ್ಲಿ ಬಂದವರಿಗೆ ಮೊದಲು ನೀರು ಕೊಡುತ್ತಿದ್ದರಂತೆ. ನೀರು ಕಡಿಮೆಯಾದ ಹಾಗೆಲ್ಲ ಆ ರೀತಿ ಗಟ್ಟಿಯಾಗುತ್ತ ಬಂತು. ಈಗ ತಾಟು ಇಟ್ಟಲ್ಲಿ ತಂಬಿಗೆ ಇರಲೇಬೇಕು, ಕೈಯಳತೆಯಲ್ಲಿ ಇರಬೇಕು. ತಂಬಿಗೆ ಇಲ್ಲದ ತಾಟು ಇಟ್ಟರೆ, ಉಂಡು ಬೇಗ ಹೊರಡು ಎಂದು ಮುಖಕ್ಕೆ ಹೇಳಿದ ಹಾಗೆ. ಆ ಒಂದು ಕಾರಣಕ್ಕೆ ಬೀಗತನ ಮುರಿದದ್ದನ್ನು ನಾನು ಕಂಡಿದ್ದೇನೆ. ನಮ್ಮ ಮದುವೆಯಾದ ಹೊಸದರಲ್ಲಿ ನನ್ನ ಸೋದರಮಾವ ಊಟಕ್ಕೆ ಬಂದಾಗ ಜಗದೇವಿ ಗಡಿಬಿಡಿಯಲ್ಲಿ ತಂಬಿಗೆಯನ್ನು ಬಾಗಿಲ ಹತ್ತಿರವೇ ಮರೆತಳು. ಹತ್ತು ಜನರ ಎದುರಿಗೆ ನಾನು ಅವಳ ಮೇಲೆ ಕೂಗಾಡಿದೆ. ಅವಳು ತಂಬಿಗೆ ತಂದು ತಾಟಿನ ಮಗ್ಗುಲಿಗೆ ಇಟ್ಟಳು. ಆಮೇಲೆ ನಲವತ್ತು ವರ್ಷ ಆ ತಪ್ಪು ಮಾಡಲಿಲ್ಲ.

ದಿನಕ್ಕೆ ಮೂರು ಸಲ ನಾನು ತಂಬಿಗೆಯ ನೀರು ಬದಲಿಸುತ್ತಿದ್ದೆ. ಒದ್ದೆ ಬಟ್ಟೆ ಸುತ್ತಿ ತಂಪು ಮಾಡಿ ಇಡುತ್ತಿದ್ದೆ. ಚಿಗಳಿ ಬರುವುದು, ಉಂಡೆ ತಿನ್ನುವುದು, ತಂಬಿಗೆಯನ್ನು ಒಮ್ಮೆ ಮೂಸುವುದು, ಎದ್ದು ಹೋಗುವುದು. ಬೆಕ್ಕಿಗೆ ನೀರಡಿಕೆ ಕಡಿಮೆ ಇರಬೇಕು ಎಂದುಕೊಂಡೆ. ಏಪ್ರಿಲಿನಲ್ಲಿ ಒಂದು ಸಂಜೆ ಐದರ ಕಹಳೆಯಾಗುತ್ತಲೇ ಬಾಗಿಲು ತೆರೆದೆ, ನೋಡಿದರೆ ಲಾಡ್ಲೆಸಾಬನ ಕಟ್ಟೆಯ ಮೂಲೆಯಲ್ಲಿ ನನ್ನ ಬೆಕ್ಕು ತಲೆ ತಗ್ಗಿಸಿಕೊಂಡು ಲೊಟಲೊಟ ಕುಡಿಯುತ್ತಿದೆ. ಪಾತ್ರೆಯಾದರೂ ಎಂಥದು, ಒಡೆದ ಹೂಕುಂಡದ ತಳ, ಅಂಚೆಲ್ಲ ಮುಕ್ಕು. ಲಾಡ್ಲೆಸಾಬ ಪಕ್ಕದಲ್ಲಿ ಮಂಡಿಯ ಮೇಲೆ ಕೈ ಇಟ್ಟುಕೊಂಡು ನವಾಬನ ಹಾಗೆ ಕೂತಿದ್ದ.

“ಬರ್ರಿ ಅಣ್ಣೋರೆ, ಬೇಗಂ ಸಾಹೇಬ್ರು ದರ್ಬಾರಕ್ಕ ಬಂದಾರ ನೋಡ್ರಿ” ಎಂದ. “ಯಾಕ, ನಿಮ್ಮನ್ಯಾಗ ನೀರ್ ಕೊಡಂಗಿಲ್ಲೇನು?”

ನಮ್ಮ ಊರಿನಲ್ಲಿ ತಮಾಷೆಗೂ ಆಡಬಾರದ ಮಾತು ಅದು. “ಅದರ ಹೆಸ್ರು ಚಿಗಳಿ” ಎಂದೆ.

“ಇರ್ಲಿ ಬಿಡ್ರಿ. ಹೆಣ್ಮಕ್ಕಳಿಗಿ ತವರಮನ್ಯಾಗೊಂದು ಹೆಸ್ರು, ಗಂಡನ ಮನ್ಯಾಗೊಂದು ಹೆಸ್ರು ಇರ್ತದಲ್ಲ.”

“ಇದ್ರಾಗ ಗಂಡನ ಮನಿ ಯಾವ್ದು?”

“ಎಲ್ಲಿ ನೀರ್ ಕುಡಿತಾಳ, ಅದೇ!” ಎಂದು ತೊಡೆ ತಟ್ಟಿಕೊಂಡು ನಕ್ಕ. ಬೆಕ್ಕು ಬೆಚ್ಚಲೂ ಇಲ್ಲ. ಅವನ ನಗು ಅದಕ್ಕೆ ಅಷ್ಟು ರೂಢಿಯಾಗಿತ್ತು.

ಆಮೇಲಿನ ದಿನಗಳಲ್ಲಿ ನನಗೆ ಇದೇ ಕೆಲಸವಾಯಿತು. ಎಷ್ಟು ಸಲ ಹೋಗುತ್ತಾಳೆ, ಎಷ್ಟು ಹೊತ್ತು ಕೂರುತ್ತಾಳೆ, ಅವನು ಏನು ಮಾತಾಡುತ್ತಾನೆ. ಅವನು ಬೇಗಂ ಎಂದರೆ ಕಿವಿ ತಿರುಗಿಸುತ್ತಿದ್ದಳು. ನಾನು ಚಿಗಳಿ ಎಂದರೆ, ತಾಟು ಕೈಯಲ್ಲಿದ್ದರೆ ಮಾತ್ರ. ಅವನು ಅವಳಿಗೆ ಒಂದು ತುಣುಕೂ ತಿನ್ನಲು ಹಾಕುತ್ತಿರಲಿಲ್ಲ ಎಂಬುದು ಇನ್ನೂ ಉರಿಯುವ ಸಂಗತಿ. ತಿನ್ನಿಸಿ ಒಲಿಸಿಕೊಂಡಿದ್ದರೆ ಲಂಚ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಬರಿಯ ನೀರಿಗೆ ಹೋಗುತ್ತಿದ್ದಳು, ನನ್ನ ತಂಬಿಗೆಯನ್ನು ದಾಟಿಕೊಂಡು. ಜಗದೇವಿಯ ಕೈ ಆಡಿದ ತಂಬಿಗೆ ಅದು.

ಮೇ ಮೂವತ್ತೇಳರಂದು, ಹತ್ತರ ಕಹಳೆಗೆ ಸ್ವಲ್ಪ ಮೊದಲು, ಲಾಡ್ಲೆಸಾಬ ಒಳಗೆ ಹೋದದ್ದನ್ನು ನೋಡಿಕೊಂಡು ಅವನ ಕಟ್ಟೆಗೆ ಹೋದೆ. ಆ ಕುಂಡದ ತಳವನ್ನು ಎತ್ತಿ ನೀರನ್ನೆಲ್ಲ ನನ್ನ ತಂಬಿಗೆಗೆ ಸುರಿದುಕೊಂಡೆ. ಪಾತ್ರೆಯನ್ನು ಇದ್ದ ಹಾಗೆಯೇ ಇಟ್ಟೆ. ಅವನ ನೀರಿನಲ್ಲೇ ಏನೋ ರುಚಿ ಇರಬೇಕು, ಅದನ್ನೇ ನನ್ನ ತಾಟಿನ ಪಕ್ಕದಲ್ಲಿ ಇಟ್ಟರೆ ಇಲ್ಲಿಯೇ ಕುಡಿಯುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಅದು ಕಳವು ಎಂದು ಆಗ ಅನ್ನಿಸಲಿಲ್ಲ. ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ಬಾಗಿಲಲ್ಲಿ ಗಾಜು ಕೂರಿಸಿದ ಸೀಳಿನಿಂದ ನೋಡುತ್ತ ಕೂತೆ. ಅವಳು ಹೋಗಿ ಒಣ ಕುಂಡದ ಮುಂದೆ ಕೂತಳು. ಸುಮ್ಮನೆ ಕೂತಳು. ಆಮೇಲೆ ನನ್ನ ಕಟ್ಟೆಗೆ ಬಂದು, ಎರಡು ಉಂಡೆ ತಿಂದು, ತಂಬಿಗೆ ಮೂಸಿ, ಗೂಡಿಗೆ ಹೋದಳು. ನಾಳೆ ದಾರಿಗೆ ಬರುತ್ತಾಳೆ ಎಂದುಕೊಂಡೆ. ಮಾರನೆಯ ದಿನವೂ ಹಾಗೆಯೇ ಮಾಡಿದೆ.

ಆ ಸಂಜೆ ಲಾಡ್ಲೆಸಾಬ ಕುಂಡವನ್ನು ಮಡಿಲಲ್ಲಿ ಇಟ್ಟುಕೊಂಡು ದಾರಕ್ಕೆ ಹಚ್ಚುವ ಮೇಣವನ್ನು ಅದರ ಒಳಗೆಲ್ಲ ತಿಕ್ಕುತ್ತಿದ್ದ.

“ಏನ್ ಮಾಡ್ಲತ್ತೀರಿ?” ಎಂದೆ. ಕೇಳದೆ ಇರಬಹುದಿತ್ತು.

“ಸೋರ್ಲತ್ತದ್ರಿ ಅಣ್ಣೋರೆ. ಮುಂಜಾನಿ ತುಂಬ ಹಾಕಿರ್ತೀನಿ, ಸಂಜಿಗಿ ನೋಡಿದ್ರ ಖಾಲಿ. ಎಲ್ಲೋ ಸೀಳು ಬಿಟ್ಟದ, ನನ್ ಕಣ್ಣಿಗಿ ಕಾಣವಲ್ದು. ನೀವರ ನೋಡ್ರಿ ಒಂದೀಟು.”

ನಾನು ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ. “ಇರಬಹುದು” ಎಂದು ಹಿಂದಕ್ಕೆ ಕೊಟ್ಟೆ. ಅವನು ಸಂಜೆ ಮತ್ತೆ ನೀರು ಹಾಕಿದನೋ ಇಲ್ಲವೋ ನೋಡಲಿಲ್ಲ. ಹಾಕಿರಲಿಲ್ಲವಂತೆ, ಮೇಣ ಹಿಡಿಯಲಿ ಎಂದು ಒಣಗಲು ಬಿಟ್ಟಿದ್ದನಂತೆ. ಅದು ಆಮೇಲೆ ತಿಳಿಯಿತು. ಮೂವತ್ತೊಂಬತ್ತರ ಮುಂಜಾನೆ ಅವನು ತುಂಬಿದ್ದನ್ನು ನಾನು ಮೂರನೆಯ ಸಲ ಖಾಲಿ ಮಾಡಿದೆ.

ಆ ದಿನ ಈ ವರ್ಷದ ಅತಿ ಸುಡುವ ದಿನ. ಮಧ್ಯಾಹ್ನ ಎರಡರ ಹೊತ್ತಿಗೆ ಗಾಜಿನ ಸೀಳಿನಿಂದ ನೋಡಿದಾಗ ಚಿಗಳಿ ಗೂಡಿನಿಂದ ಹೊರಬಿದ್ದಿದ್ದಳು. ಎರಡು ಕಟ್ಟೆಗಳ ನಡುವೆ ಪಕ್ಕೆಯ ಮೇಲೆ ಮಲಗಿ, ಬಾಯಿ ತೆರೆದು ನಾಯಿಯ ಹಾಗೆ ತೇಕುತ್ತಿದ್ದಳು. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಪ್ರಾಣಕ್ಕೆ ಬಂತು ಎಂದೇ ಅರ್ಥ, ಇದು ನನಗೂ ಗೊತ್ತಿತ್ತು. ಒಳಹೊತ್ತಿನಲ್ಲಿ ಬಾಗಿಲು ತೆರೆದವನಲ್ಲ ನಾನು, ತೆರೆದವರನ್ನು ಬೈದವನು. ಅಗುಳಿ ತೆಗೆದೆ. ಕೆಂಡದ ಗಾಳಿ ಮುಖಕ್ಕೆ ಬಡಿಯಿತು. ಅದೇ ಹೊತ್ತಿಗೆ ಪಕ್ಕದ ಬಾಗಿಲೂ ತೆರೆಯಿತು. ಅವನೂ ಸೀಳಿನಲ್ಲಿ ನೋಡುತ್ತ ಕೂತಿದ್ದನಂತೆ.

ಅವನು ಬರಿಗಾಲಿನಲ್ಲಿ ಓಡಿ ಬಂದಿದ್ದ. ಎತ್ತಿ ನನ್ನ ಮನೆಯೊಳಗೆ ತಂದೆವು. ನಾನು ಗಾಬರಿಗೆ ತಂಬಿಗೆಯನ್ನೇ ಅವಳ ಬಾಯಿಗೆ ಹಿಡಿಯಲು ಹೋದೆ. “ಸುರೀಬ್ಯಾಡ್ರಿ, ನೆತ್ತಿಗೇರ್ತದ!” ಎಂದು ಕೈ ಹಿಡಿದ. ಟವೆಲು ಒದ್ದೆ ಮಾಡಿ ಅಂಗಾಲಿಗೆ, ಕಿವಿಗೆ, ಹೊಟ್ಟೆಗೆ ಒತ್ತಿದೆವು. ಅವನು ಬೆರಳು ಅದ್ದಿ ತುಟಿಗೆ ಒಂದೊಂದೇ ಹನಿ ಸವರಿದ. “ಬೇಗಂ, ಏ ಬೇಗಂ” ಎಂದು ಕರೆಯುತ್ತಲೇ ಇದ್ದ. ನಾನು ಚಿಗಳಿ ಎನ್ನುತ್ತಿದ್ದೆ. ಅವಳು ಯಾವ ಹೆಸರಿಗೂ ಓಗೊಡಲಿಲ್ಲ.

ಬಂಡೆಯೊಳಗೆ ಕೊರೆದ ಒಳದಾರಿಯಿಂದ ಐದನೆಯ ಮಜಲಿಗೆ ಇಳಿದು ಸುಗಲಾಬಾಯಿಯ ಬಾಗಿಲು ಬಡಿದೆವು. ನಮ್ಮ ಖಣಿಯ ಪ್ರಾಣಿವೈದ್ಯೆ ಅವಳು, ನನ್ನ ಮಗಳ ವಯಸ್ಸಿರಬಹುದು, ನಮಗೆ ಮಕ್ಕಳಿದ್ದಿದ್ದರೆ. ಬೆಕ್ಕಿನ ಹೆಗಲ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟಳು. ಅದು ಇಳಿಯದೆ ಹಾಗೆಯೇ ಡೇರೆಯ ಹಾಗೆ ನಿಂತಿತು. ಒಸಡು ಮುಟ್ಟಿದಳು, ಬೆರಳು ಅಂಟಿತು. “ಎರಡ್ಮೂರು ದಿನದಾಗಿಂದ ನೀರ್ ಕಂಡಿಲ್ಲ ಇದು” ಎಂದಳು. ಡಿಹೈಡ್ರೇಷನ್ ಎಂಬ ಪದ ಅಷ್ಟು ಹೊತ್ತಿನಲ್ಲಿ ನನ್ನ ತಲೆಯಲ್ಲಿ ಎದ್ದು ನಿಂತಿತು, ಸ್ಪೆಲ್ಲಿಂಗ್ ಸಮೇತ, ಪರೀಕ್ಷೆಯಲ್ಲಿ ಬೇಕಾದಾಗ ಬಾರದೆ ಇದ್ದದ್ದು. ಅವಳು ಚರ್ಮದ ಕೆಳಗೆ ಸೂಜಿ ಹಾಕಿ ಉಪ್ಪುನೀರು ಇಳಿಸಿದಳು. ಹೆಗಲ ಮೇಲೆ ನೀರಿನ ಗಂಟು ಕಟ್ಟಿತು. ಆಮೇಲೆ ನಮ್ಮ ಕಡೆ ತಿರುಗಿ, ನೀರು ಎಲ್ಲಿ ಇಡುತ್ತೀರಿ ಎಂದು ಕೇಳಿದಳು.

“ತಾಟಿನ ಮಗ್ಗುಲಕ್ಕೇ, ತಂಬಿಗ್ಯಾಗ” ಎಂದೆ, ಹೆಮ್ಮೆಯಿಂದಲೇ.

“ಅದಕ್ಕೇ ಮತ್ತ. ತಾಟಿನ ಮಗ್ಗುಲ ತಂಬಿಗಿ ಮನಷ್ಯಾರಿಗ್ರಿ ಕಾಕಾ, ಬೆಕ್ಕಿಗಲ್ಲ. ಉಣ್ಣೋ ಜಾಗದಾಗಿನ ನೀರ್ ಹೊಲಸು ಅಂತ ಅದರ ಹುಟ್ಟುಗುಣ. ಬ್ಯಾರೆ ಕಡಿ ಇಡಬೇಕು. ಅಗಲ ಪಾತ್ರಿ ಬೇಕು, ಮೀಸಿ ತಾಗಬಾರದು. ತಂಬಿಗ್ಯಾಗ ಹ್ಯಾಂಗ್ ಮಾರಿ ಹಾಕ್ತದ? ಯಾರೂ ಹೇಳಿಲ್ಲೇನು ನಿಮಗ?”

ನಾನು ಇಲ್ಲ ಎಂದೆ. ಲಾಡ್ಲೆಸಾಬ ನೆಲ ನೋಡುತ್ತಿದ್ದ. ಬೆಕ್ಕನ್ನು ಅವಳಲ್ಲೇ ಬಿಟ್ಟು ಹೊರಗೆ ಬಂದ ಮೇಲೆ, ಒಳದಾರಿಯ ಮೆಟ್ಟಿಲ ಮೇಲೆ ಕೂತು ಹೇಳಿದ. “ಜಗದೇವಿ ಅಕ್ಕೋರಿಗಿ ಗೊತ್ತಿತ್ರಿ. ಮರಿ ಇದ್ದಾಗೇ ನೋಡಿದ್ರು ಅವ್ರು. ಒಂದಿನ ಈ ಕುಂಡದ ತಳ ತಂದು ಕೊಟ್ಟು, ಲಾಡ್ಲೆಭಾಯಿ, ನಿನ್ನ ಕಟ್ಟಿ ಮ್ಯಾಲ ದಿನಾ ಇದ್ರಾಗ ನೀರ್ ಹಾಕು, ತಿನ್ನಲಾಕ ಏನೂ ಹಾಕಬ್ಯಾಡ ಅಂದ್ರು. ನಮ್ಮನ್ಯಾಗ ತಾಟೊಂದು ಕಡಿ, ನೀರೊಂದು ಕಡಿ ಇಟ್ರ ಇವ್ರು ಸಿಟ್ಟಾಗ್ತಾರ, ಅವ್ರಿಗಿ ಹೇಳಬ್ಯಾಡ ಅಂದ್ರು. ಅದಕ್ಕ ಹೇಳಿಲ್ರಿ.” ಆಮೇಲೆ ಅವನೇ, “ನಂದೇ ತಪ್ಪದ. ಒಡದ ಪಾತ್ರಿ ಬದಲ್ ಮಾಡಬೇಕಿತ್ತು. ಅಕ್ಕೋರು ಕೊಟ್ಟಿದ್ದಂತ ಇಟ್ಕೊಂಡೆ” ಎಂದ.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಏಕೆಂದರೆ, ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ, ಆ ಗಳಿಗೆಯಲ್ಲಿ ನನಗೆ ತಪ್ಪಿನ ನೆನಪೇ ಬರಲಿಲ್ಲ. ಜಗದೇವಿ ಅವನಿಗೆ ಹೇಳಿದ್ದಳು, ನನಗೆ ಹೇಳಲಿಲ್ಲ ಎಂಬುದೊಂದೇ ಎದೆಯಲ್ಲಿ ಕುದಿಯುತ್ತಿತ್ತು. ನಾಲ್ಕು ವರ್ಷ ದಿನಾ ಮುಂಜಾನೆ ಅವರಿಬ್ಬರ ನಡುವೆ ಒಂದು ಗುಟ್ಟು ಇತ್ತು, ನಾನು ಅದರ ಪಕ್ಕದಲ್ಲೇ ಕೂತು ಹಲ್ಲು ಉಜ್ಜುತ್ತಿದ್ದೆ. ನನ್ನೆದುರು ಅವಳು ತಾಟಿನ ಮಗ್ಗುಲಿಗೆ ತಂಬಿಗೆ ಇಡುತ್ತಿದ್ದಳು, ಬೆಕ್ಕಿಗಲ್ಲ, ನನಗೆ ತೋರಿಸಲಿಕ್ಕೆ. ಇನ್ನೇನೇನು ಅವನಿಗೆ ಹೇಳಿದ್ದಳೋ. ನಾನು ಕೂಗುತ್ತೇನೆ ಎಂದು ಏನೇನನ್ನು ಗೋಡೆಯಾಚೆ ಒಯ್ದು ಇಟ್ಟಿದ್ದಳೋ. ಹೀಗೆಲ್ಲ ಯೋಚಿಸುತ್ತ ಎರಡು ರಾತ್ರಿ ಕಳೆದೆ. ಇವತ್ತು ಬೆಳಿಗ್ಗೆ ಮುಖ ತೊಳೆಯುವಾಗ, ನಾನು ಹೊಟ್ಟೆಕಿಚ್ಚು ಪಡುತ್ತಿರುವುದು ಅವನಿಗೆ ಹೇಳಿದಳೆಂದಲ್ಲ ಎಂಬುದು ಹೊಳೆಯಿತು. ಅವಳಿಗೆ ಅವನ ಹತ್ತಿರ ಹೇಳಲು ಹೆದರಿಕೆ ಆಗಲಿಲ್ಲವಲ್ಲ, ಅದಕ್ಕೆ.

ಚಿಗಳಿ ಬದುಕಿದ್ದಾಳೆ. ನಿನ್ನೆ ಸಂಜೆ ಸುಗಲಾಬಾಯಿ ಕಳಿಸಿಕೊಟ್ಟಳು. ಇವತ್ತು ಮುಂಜಾನೆ ತನ್ನ ಗೂಡಿನಿಂದ ಎದ್ದು, ನಡುಗುವ ಕಾಲಿನಲ್ಲಿ ಲಾಡ್ಲೆಸಾಬನ ಕಟ್ಟೆಗೇ ಹೋದಳು. ಕುಂಡದ ಮುಂದೆ ಕೂತು ಕುಡಿದಳು. ನಾನು ಎಣಿಸುತ್ತ ನಿಂತಿದ್ದೆ, ನಾಲಿಗೆ ಎಪ್ಪತ್ತು ಸಲ ಒಳಗೆ ಹೊರಗೆ ಆಡಿತು. ಅಷ್ಟು ಕುಡಿದದ್ದಕ್ಕೆ ಸಂತೋಷವಾಯಿತು. ಅಲ್ಲಿ ಕುಡಿದದ್ದಕ್ಕೆ ಹೊಟ್ಟೆಯಲ್ಲಿ ಚುರುಕ್ ಎಂದಿತು. ಎರಡೂ ಒಟ್ಟಿಗೇ ಆಗುತ್ತವೆ, ನನ್ನ ವಯಸ್ಸಿಗೆ ಬಂದರೆ ನಿಮಗೂ ತಿಳಿಯುತ್ತದೆ.

ನಿಮ್ಮಲ್ಲಿ ಬೇಡಿಕೊಳ್ಳುವುದು ಇಷ್ಟೆ. ನಿಮ್ಮ ಬಿಸಿಲು ನಮ್ಮದರ ಅರ್ಧವೂ ಇಲ್ಲ, ಆದರೂ ಬೆಕ್ಕಿಗೆ ಅದು ಬಿಸಿಲೇ. ತಾಟಿನಿಂದ ಹತ್ತು ಹೆಜ್ಜೆ ದೂರ ಅಗಲವಾದ ಪಾತ್ರೆಯಲ್ಲಿ ನೀರಿಡಿ. ಬಿಸಿಲು ತಿರುಗಿದ ಹಾಗೆ ನೆರಳೂ ತಿರುಗುತ್ತದೆ, ಹಾಗಾಗಿ ಎರಡು ಮೂರು ಕಡೆ ಇಡಿ. ದಿನಾ ತೊಳೆದು ಬದಲಿಸಿ. ಒಣ ಆಹಾರ ಹಾಕುವುದಾದರೆ ಸ್ವಲ್ಪ ನೀರಿನಲ್ಲಿ ನೆನೆಸಿ ಹಾಕಿ. ಅದು ಪಕ್ಕದ ಮನೆಯಲ್ಲಿ ಕುಡಿದರೆ, ಕುಡಿಯಲಿ ಬಿಡಿ. ಮನೆಯಲ್ಲಿ ಯಾರಾದರೂ ನಿಮಗೆ ಹೇಳದೆ ಗೋಡೆಯಾಚೆ ಏನನ್ನಾದರೂ ಇಡುತ್ತಿದ್ದರೆ, ಗೋಡೆಯಾಚೆಯವನನ್ನು ನೋಡಿ ಉರಿಯುವ ಮೊದಲು ಒಂದು ಗಳಿಗೆ ನಿಮ್ಮ ಕಡೆ ನೋಡಿಕೊಳ್ಳಿ. ಇದನ್ನು ಹೇಳಿಕೊಳ್ಳಲು ನನಗೆ ಜನವಿಲ್ಲ, ಅದಕ್ಕೆ ನಿಮಗೆ…

ಕಾಗದದ ಮೇಲೆ ಅಕ್ಷರಗಳು ಮಸುಕಾಗುತ್ತಿವೆ. ಐದರ ಕಹಳೆ ಆಗಿ ಎಷ್ಟು ಹೊತ್ತಾಯಿತೋ, ಸೆರಗು ಸರಿಸಿದ್ದಾರೆ, ಖಣಿಯ ಬಾಯಿಯಲ್ಲಿ ಬೆಳಕು ಇಳಿಯುತ್ತಿದೆ. ತೆರೆದ ಬಾಗಿಲಿನಿಂದ ಲಾಡ್ಲೆಸಾಬ ಕಾಣುತ್ತಿದ್ದಾನೆ. ಕುಂಡವನ್ನು ಮಡಿಲಲ್ಲಿ ಇಟ್ಟುಕೊಂಡು, ಕಣ್ಣ ಹತ್ತಿರ ಹಿಡಿದು, ಮೇಣ ತಿಕ್ಕುತ್ತಿದ್ದಾನೆ. ಇಲ್ಲದ ಸೀಳನ್ನು ಬೆರಳಿನಿಂದ ಹುಡುಕುತ್ತಿದ್ದಾನೆ. ಇನ್ನು ಸ್ವಲ್ಪ ಹೊತ್ತಿಗೆ ಅವನಿಗೆ ಕಣ್ಣು ಕಾಣುವುದಿಲ್ಲ, ನಾಳೆ ಮುಂಜಾನೆ ಮತ್ತೆ ಅದನ್ನೇ ಹಿಡಿದು ಕೂರುತ್ತಾನೆ. ಅವನು ಎದ್ದು ಒಳಗೆ ಹೋಗುವ ಮೊದಲು ನಾನು ಹೋಗಿ ಹೇಳಬೇಕು. ಲೇಖನಿ ಕೆಳಗೆ ಇಡುತ್ತೇನೆ.

ರೇವಣಸಿದ್ದಪ್ಪ